ಟ್ರಾಕ್ಟರಿನ ಲೋಡರಿಗೆ ಬಕೆಟ್ಟನ್ನು ತಾನಾಗಿಯೇ ಸಮಮಟ್ಟದಲ್ಲಿ ನಿಲ್ಲಿಸುವ ಏರ್ಪಾಡು

ತಿಪ್ಪೆಯ ಗೊಬ್ಬರ, ಕೆರೆಯ ಗೋಡು, ಮರಳು, ಹುಲ್ಲಿನ ಪೆಂಡಿ ಮುಂತಾದುವನ್ನು ಎತ್ತಿ ಟ್ರೇಲರಿಗೆ ತುಂಬುವುದಕ್ಕಾಗಿ ಟ್ರಾಕ್ಟರಿನ ಮುಂಭಾಗಕ್ಕೆ ಜೋಡಿಸುವ ಲೋಡರು ಎಂಬ ಉಪಕರಣವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಇಂಜಿನ್ನಿನ ಎರಡು ಪಕ್ಕಗಳಲ್ಲಿ ನಿಲ್ಲಿಸಿದ ಉಕ್ಕಿನ ಕಂಬಗಳು, ಅವುಗಳ ತಲೆಯಲ್ಲಿ ಕೀಲುಗೊಂಡು ಮುಂದಕ್ಕೆ ಚಾಚಿದ ಎರಡು ತೋಳುಗಳು, ತೋಳುಗಳ ತುದಿಯಲ್ಲಿ ಬಕೆಟ್ಟು, ಇವೇ ಇದರ ಮುಖ್ಯಾಂಗಗಳು. ತೋಳುಗಳನ್ನು ಎತ್ತುವುದಕ್ಕೆ ಒಂದು ಜೊತೆ ಹೈಡ್ರಾಲಿಕ್ ಸಿಲಿಂಡರುಗಳೂ, ಬಕೆಟ್ಟನ್ನು ಹೊರಳಿಸುವುದಕ್ಕೆ ಮತ್ತೊಂದು ಜೊತೆಯೂ ಇರುವುವು.

ಸಾಧಾರಣವಾದ ಲೋಡರಿನಲ್ಲಿ ಹೊರಳಿಸುವ ಸಿಲಿಂಡರಿನ ಬುಡವು ತೋಳಿಗೇ ಬಿಗಿದಿರುವುದು. ಆದಕಾರಣ ತೋಳು ಎಷ್ಟು ಡಿಗ್ರಿ ಮೇಲಕ್ಕೆ ತಿರುಗುವುದೋ ಬಕೆಟ್ಟೂ ಅಷ್ಟೇ ಡಿಗ್ರಿ ಹಿಂದಕ್ಕೆ ಮಲಗುವುದು. ಒಂದು ಲೆಕ್ಕವನ್ನು ನೋಡೋಣ. ತೋಳಿನ ಹಿಂದಿನ ಕೀಲು ನೆಲದಿಂದ ೧೫೦ ಸೆಂಟಿಮೀಟರು ಎತ್ತರದಲ್ಲಿದೆ. ಅಲ್ಲಿಂದ ಬಕೆಟ್ಟಿನ ಕೀಲಿಗೆ ೨೦೦ ಸೆಂಟಿಮೀಟರು ಇದೆ. ಬಕೆಟ್ಟಿನ ಕೀಲು ನೆಲದಿಂದ ೨೦ ಸೆಂಟಿಮೀಟರಿನಲ್ಲಿದ್ದಾಗ ತೋಳು ಅಡ್ಡಮಟ್ಟಕ್ಕಿಂತ ಸುಮಾರು ೪೦½ ಡಿಗ್ರಿ ಕೆಳಗೂ, ೨೬೦ ಸೆಂಟಿಮೀಟರಿಗೆ ಏರಿದಾಗ ಸುಮಾರು ೩೩½ ಡಿಗ್ರಿ ಮೇಲೂ ಇರುವುದು. ಒಟ್ಟು ತಿರುವು ೭೪ ಡಿಗ್ರಿ. ನೆಲದಲ್ಲಿ ಮಟ್ಟವಾಗಿದ್ದ ಬಕೆಟ್ಟು ಮೇಲೇರುವಷ್ಟರಲ್ಲಿ ಹೆಚ್ಚು ಕಡಮೆ ಬೆನ್ನಿನ ಮೇಲೆ ಮಲಗಿಬಿಡುವುದು. ಇದನ್ನು ತಡೆಯಲು ಚಾಲಕನು ಒಂದು ಹಿಡಿಯಿಂದ ತೋಳನ್ನು ಎತ್ತುತ್ತಲೇ ಮತ್ತೊಂದರಿಂದ ಬಕೆಟ್ಟನ್ನು ಮುಂದಕ್ಕೆ ಹೊರಳಿಸುತ್ತಿರಬೇಕಾಗುವುದು.

ಮರೆತರೆ ಆಗುವ ಫಲವೇನು? ಗೊಬ್ಬರವಾದರೆ ಬಾನೆಟ್ಟಿನ ಮೇಲೆ ಸುರಿಯುವುದು; ಅದರಿಂದ ನಷ್ಟವಿಲ್ಲ. ಪೆಂಡಿ, ಮರದ ದಿಮ್ಮಿ, ಕಲ್ಲು ಇವುಗಳಾದರೆ ವಿಷಯವು ಬೇರೆ. ೧೯೭೧ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಗ್ಯಾರಿ ವರ್ಮೀರ್ ಎಂಬುವರು ದೊಡ್ಡ ಉರುಳೆ ಪೆಂಡಿಗಳನ್ನು ಕಟ್ಟುವ ಯಂತ್ರವನ್ನು ನಿರ್ಮಿಸಿದರು. ಇಂತಹ ಪೆಂಡಿಯೊಂದು ಅರ್ಧ ಟನ್ನಿನಷ್ಟು ತೂಗಬಹುದು. ಇದು ತೆರೆದ ಬಕೆಟ್ಟಿನಿಂದ ಹಿಂದಕ್ಕೆ ಹೊರಟು, ಎರಡು ತೋಳುಗಳನ್ನೇ ಕಂಬಿಗಳನ್ನಾಗಿ ಮಾಡಿಕೊಂಡು ಉರುಳಿ ಬಂದು ಚಾಲಕನನ್ನು ಕೊಂದ ಪ್ರಸಂಗಗಳು ಆ ದೇಶದಲ್ಲಿ ಒಂದೆರಡಲ್ಲ. ಆದುದರಿಂದ ನಾವು ವಿವರಿಸಹೊರಟಿರುವ ಏರ್ಪಾಡನ್ನು ಕೇವಲ ಅನುಕೂಲತೆಯ ದೃಷ್ಟಿಯಿಂದ ನೋಡತಕ್ಕುದಲ್ಲ.

ಇದರ ತತ್ತ್ವವು ನಮ್ಮ ದಿನಸಿ ಅಂಗಡಿಗಳಲ್ಲಿಯೇ ಇದೆ. ಕಟ್ಟೆಯ ಮೇಲಿಡುವ, ತಟ್ಟೆಗಳು ದಂಡಿಯ ಮೇಲ್ಗಡೆ ಕುಳಿತಿರುವ ತಕ್ಕಡಿಯನ್ನು ಜ್ಞಾಪಿಸಿಕೊಳ್ಳಿರಿ. ದಂಡಿಯು ಎಷ್ಟು ಓರೆಯಾದರೂ ತಟ್ಟೆಗಳು ಓರೆಯಾಗವು. ಏಕೆಂದರೆ ಮೇಲಿನ ದಂಡಿಗೆ ಸಮಾಂತರವಾಗಿ ಕೆಳಗೆ, ಪೆಟ್ಟಿಗೆಯೊಳಗೆ, ಇನ್ನೊಂದು ದಂಡಿಯಿದೆ. ಎರಡು ದಂಡಿಗಳೂ ತಟ್ಟೆಯ ಕಾಲೂ ನಡುಗಂಬವೂ ಸೇರಿ ಒಂದು ಸಮಾಂತರ ಚತುರ್ಭುಜವಾಗುವುವು. ಅದರಲ್ಲಿ ಒಂದು ಬಾಹು ನೆಟ್ಟಗಿದ್ದರೆ ಅದರ ಎದುರು ಬಾಹುವೂ ನೆಟ್ಟಗೇ ಇರಬೇಕು. ಫ್ರಾನ್ಸಿನ ಗಣಿತಜ್ಞ ರೋಬೆರ್ವಾಲ್ ಎಂಬುವನು ೧೬೬೯ರಲ್ಲಿ ಈ ಜೋಡಣೆಯನ್ನು ವಿದ್ವತ್ಸಭೆಯ ಮುಂದಿಟ್ಟನು.

ಲೋಡರಿನಲ್ಲಿಯೂ ಮಾಡಬೇಕಾದುದು ಇಷ್ಟೇ. ಕಂಬದ ಮೇಲೆ ತೋಳಿನ ಕೀಲನ್ನು ‘ಕ’ ಎಂದು ಕರೆಯೋಣ. ಅದರ ನೇರ ಮೇಲೆ ೨೦ ಸೆಂಟಿಮೀಟರು ಅಂತರದಲ್ಲಿ ಒಂದು ಗಟ್ಟಿಯಾದ ಚಾಚನ್ನು ಬೆಸೆದು ‘ಖ’ ಎಂಬ ಎರಡನೆಯ ಕೀಲನ್ನು ಕೊಡತಕ್ಕದ್ದು. ತೋಳು ಮೊಣಕೈಯಂತೆ ಬಾಗುವ ಸ್ಥಳದಲ್ಲಿ ‘ಗ’ ಎಂಬ ಕೀಲಿನ ಮೇಲೆ ಒಂದು ತ್ರಿಕೋನಾಕಾರದ ದಪ್ಪ ಪ್ಲೇಟನ್ನು ಸಲೀಸಾಗಿ ತಿರುಗುವಂತೆ ಕೂರಿಸಿ, ಅದರ ಮೇಲಿನ ಮೂಲೆ ‘ಘ’ ಕ್ಕೂ ಕಂಬದ ‘ಖ’ ಕ್ಕೂ ಒಂದು ಸರಳನ್ನು ಜೋಡಿಸತಕ್ಕದ್ದು. ‘ಗಘ’ ದ ಉದ್ದವು ‘ಕಖ’ ದ ಉದ್ದಕ್ಕೂ, ‘ಖಘ’ ದ ಉದ್ದವು ‘ಕಗ’ ದ ಉದ್ದಕ್ಕೂ ಸರಿಸಮವಾಗಿರಬೇಕು. ಆಗ ತೋಳು ಎಲ್ಲಿಯೇ ಇರಲಿ, ಆ ಪ್ಲೇಟು ಮಾತ್ರ ಕಂಬಕ್ಕೆ ಹೋಲಿಸಿದರೆ ಕದಲದು. ಹೊರಳಿಸುವ ಸಿಲಿಂಡರಿನ ಬುಡವನ್ನು ತೋಳಿನಿಂದ ಬಿಡಿಸಿ ಈ ಪ್ಲೇಟಿನ ಮೂರನೆಯ ಮೂಲೆಗೆ ಸೇರಿಸಿದರೆ ಸಿಲಿಂಡರೇ ಎರಡನೆಯ ಸಮಾಂತರ ಸರಳಾಗಿ ಕೆಲಸಮಾಡುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿಲಿಂಡರಿನ ಉದ್ದವು ಬದಲಾಗತಕ್ಕದ್ದಾದ್ದರಿಂದ ಈ ಎರಡನೆಯ ಚತುರ್ಭುಜವು ಒಂದೇ ಒಂದು ಸ್ಥಿತಿಯಲ್ಲಿ ಮಾತ್ರ ಸರಿಯಾಗಿ ಸಮಾಂತರವಾಗಿರುವುದು. ಮಿಕ್ಕ ಸ್ಥಿತಿಗಳಲ್ಲಿ ಅಷ್ಟಿಷ್ಟು ತಪ್ಪು ಬರುವುದು. ಆ ಒಂದು ಸ್ಥಿತಿಯು ಬಕೆಟ್ಟಿನ ತಳವು ಮಟ್ಟವಾಗಿರುವ ಸ್ಥಿತಿಯೇ ಆಗಿರುವಂತೆ ಮೂರನೆಯ ಮೂಲೆಯ ಸ್ಥಾನವನ್ನು ಆರಿಸಬೇಕು. ತೋಳಿನ ಬಾಗು ಎಷ್ಟು ಎಂಬುದು ಲೆಕ್ಕಕ್ಕೆ ಸೇರದು. ಕೀಲಿನ ನಡುವಿನಿಂದ ಕೀಲಿನ ನಡುವಿಗೆ ಇರುವ ದೂರವೊಂದೇ ಮುಖ್ಯ.

ಕಬ್ಬಿಣವನ್ನು ಕತ್ತರಿಸುವ ಮೊದಲು ಹತ್ತನೆಯ ಒಂದು ಪಾಲಿನ ಅಳತೆಯಲ್ಲಿ ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಹಲಗೆಯ ಮೇಲೆ ಗುಂಡುಸೂಜಿಗಳಿಂದ ಚುಚ್ಚಿ, ತೋಳನ್ನು ಕೆಳಗಿನಿಂದ ಮೇಲಿನವರೆಗೆ ಆಡಿಸಿ ನೋಡುವುದು ಅತ್ಯಾವಶ್ಯಕ. ಸರಳು ತೋಳಿಗೆ ತಗಲುವುದೇ, ಚತುರ್ಭುಜವು ಎಲ್ಲಿಯಾದರೂ ಮಡಿಸಿಕೊಂಡು ಒಂದೇ ಗೆರೆಯಾಗುವುದೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿದುಬರುವುದು. ಒಂದೇ ಗೆರೆಯಾದಲ್ಲಿ ಪ್ಲೇಟು ಹಿಡಿತ ತಪ್ಪಿ ಯಾವ ಕಡೆಗಾದರೂ ತಿರುಗಿಬಿಡುವುದರಿಂದ ಅಂತಹ ಅಳತೆಯನ್ನು ಬಿಡಲೇಬೇಕು.

ಇನ್ನು ಬಲದ ವಿಷಯ. ನೋಟಕ್ಕೆ ಈ ಸರಳು ಬಕೆಟ್ಟನ್ನು ನೇರವಾಗಿ ಹಿಡಿದಿರುವ ಒಂದು ಕಡ್ಡಿಯಂತೆ ಕಂಡರೂ ಅದರ ಮೇಲೆ ಬೀಳುವ ಎಳೆತವು ಸಾಮಾನ್ಯವಲ್ಲ. ಬಕೆಟ್ಟೂ ಹೊರೆಯೂ ಸೇರಿ ೫೦೦ ಕಿಲೋಗ್ರಾಂ ಇದ್ದು, ಅದರ ಗುರುತ್ವಕೇಂದ್ರವು ಬಕೆಟ್ಟಿನ ಕೀಲಿಗಿಂತ ೫೦ ಸೆಂಟಿಮೀಟರು ಮುಂದಿದ್ದರೆ, ೨೦ ಸೆಂಟಿಮೀಟರು ಎತ್ತರದ ಸರಳುಗಳ ಮೇಲೆ ಒಟ್ಟು ೧,೨೫೦ ಕಿಲೋಗ್ರಾಂ ಎಳೆತ ಬೀಳುವುದು. ತೋಳು ತೀರ ಮೇಲೆ ಅಥವಾ ತೀರ ಕೆಳಗೆ ಇರುವಾಗ ಸರಳಿಗೂ ತೋಳಿಗೂ ಇರುವ ಲಂಬದೂರವು ಕುಗ್ಗುವುದು. ಅದು ೧೫ ಸೆಂಟಿಮೀಟರಿಗೆ ಇಳಿದರೆ ಎಳೆತವು ಸುಮಾರು ೧,೬೭೦ ಕಿಲೋಗ್ರಾಮಿಗೆ ಏರುವುದು. ಕಬ್ಬಿಣವನ್ನು ಉಳಿಸುವೆನೆಂದು ‘ಕಖ’ ವನ್ನು ೧೦ ಸೆಂಟಿಮೀಟರು ಮಾಡಿದವರಿಗೆ ಇದೆಲ್ಲವೂ ಇಮ್ಮಡಿಯಾಗುವುದು. ಹಳ್ಳಕ್ಕೆ ಚಕ್ರ ಬಿದ್ದಾಗ ಆಗುವ ಕುಲುಕಾಟವನ್ನು ಇದರಲ್ಲಿ ಸೇರಿಸಿಲ್ಲ. ಎರಡು ಪಕ್ಕಗಳಲ್ಲಿ ಎರಡು ಸರಳುಗಳಿದ್ದು ಭಾರವು ಹಂಚಿಹೋಗುವುದು ನಿಜ. ಆದರೂ ಒಂದೊಂದನ್ನೂ ಪೂರ್ಣಭಾರಕ್ಕೆ ತಕ್ಕಂತೆಯೇ ಮಾಡುವುದು ವಿವೇಕ.

ಸರಳನ್ನು ತೋಳಿನ ಮೇಲ್ಗಡೆಯೇ ಇಡತಕ್ಕದ್ದು. ಹಾಗಿಟ್ಟರೆ ಹೊರೆಯ ಭಾರಕ್ಕೆ ಅದು ಎಳೆತಕ್ಕೆ ಒಳಗಾಗುವುದು. ಕೆಳಗಿಟ್ಟರೆ ಒತ್ತಡಕ್ಕೆ ಸಿಕ್ಕಿ ಬಿಲ್ಲಿನಂತೆ ಬಾಗಲು ನೋಡುವುದು. ಆದರೆ ಮೇಲಿಟ್ಟ ಸರಳಿಗೂ ಒತ್ತಡವು ತಪ್ಪಿದ್ದಲ್ಲ. ಬಕೆಟ್ಟಿನ ಅಂಚನ್ನು ನೆಲಕ್ಕೆ ಊರಿ ಒತ್ತುವಾಗ ಬಲವು ತಿರುಗುಮುರುಗಾಗುವುದರಿಂದ ಚಪ್ಪಟೆ ಪಟ್ಟಿಯನ್ನು ಬಿಟ್ಟು ದಪ್ಪ ಗೋಡೆಯ ಕೊಳವೆಯನ್ನೇ ಉಪಯೋಗಿಸುವುದು ಲೇಸು. ಕೀಲುಗಳ ಸಡಿಲವನ್ನೂ ಅಲಕ್ಷ್ಯಮಾಡಕೂಡದು. ಐದು ಕೀಲುಗಳಲ್ಲಿ ಒಂದೊಂದು ಮಿಲಿಮೀಟರು ಸಡಿಲವಿದ್ದರೆ, ೨೦ ಸೆಂಟಿಮೀಟರಿಗೆ ೫ ಮಿಲಿಮೀಟರಿನಂತೆ, ಕೀಲಿನಿಂದ ೮೦ ಸೆಂಟಿಮೀಟರು ಮುಂದಿರುವ ಬಕೆಟ್ಟಿನ ಅಂಚು ೨ ಸೆಂಟಿಮೀಟರು ಅಲುಗಾಡುವುದು. ರಂಧ್ರಗಳನ್ನು ಗ್ಯಾಸಿನಿಂದ ಸುಟ್ಟು ತೆಗೆಯದೆ ಕೊರೆದು, ಬದಲಾಯಿಸಬಹುದಾದ ಬುಷ್ಷುಗಳನ್ನೂ ಗ್ರೀಸಿನ ನಿಪ್ಪಲುಗಳನ್ನೂ ಹಾಕಿಸತಕ್ಕದ್ದು.

ಅಂಗಡಿಯ ತಕ್ಕಡಿಯಲ್ಲಿ ಸಾಮಾನನ್ನು ತಟ್ಟೆಯ ನಡುವೆ ಇಟ್ಟರೂ ಅಂಚಿನಲ್ಲಿಟ್ಟರೂ ತೂಕವು ಒಂದೇ ಆಗುವುದಷ್ಟೆ. ಲೋಡರಿಗೂ ಅದೇ ಗುಣವು ಬರುವುದು. ಬಕೆಟ್ಟು ಮಟ್ಟವಾಗಿಯೇ ಏರುವಾಗ ಹೊರೆಯು ಮುಂದಿದ್ದರೂ ಹಿಂದಿದ್ದರೂ ಎತ್ತುವ ಸಿಲಿಂಡರಿಗೆ ಶ್ರಮವು ಒಂದೇ. ಹೆಚ್ಚಿನ ತಿರುಚುಬಲವು ಸರಳಿನ ಮೂಲಕ ಕಂಬಕ್ಕೆ ಹೋಗುವುದು. ಕೇಳುವುದಕ್ಕೆ ಇದು ಲಾಭವೆಂದು ತೋರಿದರೂ ಇದರಲ್ಲಿ ಅಪಾಯವು ಅಡಗಿದೆ. ಉದ್ದನೆಯ ಹೊರೆಯನ್ನು ಯಂತ್ರವು ಸಲೀಸಾಗಿ ಎತ್ತುವುದನ್ನು ನೋಡಿ ಚಾಲಕನು ಮೋಸಹೋಗಬಹುದು. ಟ್ರಾಕ್ಟರು ಮಾತ್ರ ಮೋಸಹೋಗದು, ಅದರ ಹಿಂದಿನ ಚಕ್ರಗಳು ಹಗುರವಾಗುತ್ತಲೇ ಇರುವುವು. ಆದುದರಿಂದ ಹಿಂದುಗಡೆ ತಕ್ಕ ಪ್ರತಿಭಾರವಿಲ್ಲದೆ ಲೋಡರನ್ನು ನಡೆಸಕೂಡದು.

ಮತ್ತೊಂದು ಸಂಗತಿಯನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಈ ಏರ್ಪಾಡು ಬಕೆಟ್ಟನ್ನು ಟ್ರಾಕ್ಟರಿಗೆ ಸಮನಾಗಿ ನಿಲ್ಲಿಸುವುದೇ ಹೊರತು ಭೂಮಿಗೆ ಸಮನಾಗಿ ಅಲ್ಲ. ಟ್ರಾಕ್ಟರು ಏರಿಯನ್ನು ಹತ್ತುತ್ತ ೧೫ ಡಿಗ್ರಿ ಮೂಗೆತ್ತಿದರೆ ಬಕೆಟ್ಟೂ ೧೫ ಡಿಗ್ರಿ ಹಿಂದಕ್ಕೆ ವಾಲುವುದು. ಹೀಗಿರಲು, ಸಮಮಟ್ಟದ ಏರ್ಪಾಡು ಇದೆಯೆಂಬ ಧೈರ್ಯದಿಂದ ತೆರೆದ ಬಕೆಟ್ಟಿನಲ್ಲಿ ಉರುಳುವ ವಸ್ತುವನ್ನು ಎತ್ತರಕ್ಕೆ ಒಯ್ಯುವುದು ಸರ್ವಥಾ ಕೂಡದು. ಪೆಂಡಿಗೆ ಮುಳ್ಳಿನ ಚೌಕಟ್ಟು ಅಥವಾ ಮೇಲಿನಿಂದ ಅದುಮುವ ಹಿಡಿಕೆ ಬೇಕು. ಚಾಲಕನ ತಲೆಯ ಮೇಲೆ ಭದ್ರವಾದ ರಕ್ಷಣಾಚೌಕಟ್ಟು ಬೇಕು. ಹೊರೆಯನ್ನು ತಗ್ಗಾಗಿಯೇ ಸಾಗಿಸಬೇಕು.

ಸರಳುಗಳ ಬದಲು ಎಣ್ಣೆಯಿಂದಲೇ ಈ ಕೆಲಸವನ್ನು ಮಾಡಿಸುವುದೂ ಉಂಟು. ಕಂಬಕ್ಕೂ ತೋಳಿಗೂ ನಡುವೆ ಇನ್ನೊಂದು ಸಿಲಿಂಡರನ್ನಿಟ್ಟು, ತೋಳು ಏರುವಾಗ ಅದರಿಂದ ಹೊರಬೀಳುವ ಎಣ್ಣೆಯನ್ನು ಹೊರಳಿಸುವ ಸಿಲಿಂಡರಿಗೆ ಕಳುಹಿಸುವರು. ಇದರಿಂದ ಚಾಲಕನ ಕಣ್ಣಿಗೆ ಅಡ್ಡಿಯೂ ಮುಂಭಾಗದ ಭಾರವೂ ಕಡಮೆ. ಆದರೆ ಒಂದರಿಂದ ಹೊರಟ ಎಣ್ಣೆಯ ಪ್ರಮಾಣವು ಮತ್ತೊಂದಕ್ಕೆ ಬೇಕಾದ ಪ್ರಮಾಣಕ್ಕೆ ಸರಿಹೊಂದಬೇಕು. ಬಕೆಟ್ಟು ತನ್ನ ಕೊನೆಯ ತಡೆಗೆ ಮುಟ್ಟಿದ ಮೇಲೂ ತೋಳು ಏರುತ್ತಿದ್ದರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಕೊಳವೆಯು ಒಡೆಯುವುದರಿಂದ ಒತ್ತಡವನ್ನು ಬಿಡುವ ವಾಲ್ವು ಇರಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಊರಿನ ವರ್ಕ್‌ಷಾಪಿನಲ್ಲಿ ತಯಾರಿಸುವವರಿಗೆ ಸರಳಿನ ಕ್ರಮವೇ ತಕ್ಕದ್ದು; ಅದರ ಸವೆತವಾದರೂ ಕಣ್ಣಿಗೆ ಕಾಣುವುದು.

ಜೋಡಣೆ ಮುಗಿದ ಮೇಲೆ ಮೊದಲು ಖಾಲಿ ಬಕೆಟ್ಟಿನಿಂದ ಪರೀಕ್ಷಿಸತಕ್ಕದ್ದು. ಟ್ರಾಕ್ಟರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟಿನ ತಳದಲ್ಲಿ ಗಾರೆಯವರ ರಸಮಟ್ಟವನ್ನಿಟ್ಟು ಅದನ್ನು ಅಂಟಿಸಿ, ತೋಳನ್ನು ೩೦ ಸೆಂಟಿಮೀಟರಿಗೊಮ್ಮೆ ನಿಲ್ಲಿಸಿ ಪಕ್ಕದಿಂದ, ದೂರದಲ್ಲಿಯೇ ನಿಂತು, ಓರೆಯನ್ನು ಗುರುತು ಮಾಡಿಕೊಳ್ಳಬೇಕು. ಎತ್ತಿದ ತೋಳಿನ ಕೆಳಗೆ ಯಾರೂ ಹೋಗಕೂಡದು. ಕೈಹಾಕಲೇಬೇಕಾದರೆ ತೋಳಿಗೆ ಕಬ್ಬಿಣದ ಊರೆಯನ್ನು ಕೊಟ್ಟ ಮೇಲೆಯೇ. ಮೂರು ನಾಲ್ಕು ಡಿಗ್ರಿಗಳ ವ್ಯತ್ಯಾಸವು ಕೆಲಸಕ್ಕೆ ಬಾಧಕವಲ್ಲ. ಅದಕ್ಕಿಂತ ಹೆಚ್ಚಾದರೆ ಮೊದಲು ಸರಳಿನ ಉದ್ದವನ್ನೂ ಆಮೇಲೆ ಪ್ಲೇಟಿನ ಮೂಲೆಗಳನ್ನೂ ಅಳೆದು ನೋಡುವುದು. ತರುವಾಯ ಅರ್ಧ ಹೊರೆ, ಅನಂತರ ಪೂರ್ಣ ಹೊರೆ ಹಾಕಿ ಒಂದು ದಿನ ಕೆಲಸಮಾಡಿಸಿ, ಸಂಜೆ ಕಂಬದ ಚಾಚಿನ ಬೆಸುಗೆಯನ್ನು ಒರಸಿ, ಕೂದಲೆಳೆಯಂತಹ ಬಿರುಕು ಎಲ್ಲಿಯಾದರೂ ಇದೆಯೇ ಎಂದು ದೀಪ ಹಿಡಿದು ನೋಡತಕ್ಕದ್ದು.