ವೃಕ್ಷಚಿತ್ರಗಳಲ್ಲಿ ಕನ್ನಡ ಪಠ್ಯ: ಮುದ್ರಣಪೂರ್ವ ಸಿದ್ಧತೆ

ವಾಕ್ಯರಚನೆಯ ವೃಕ್ಷಚಿತ್ರವೊಂದನ್ನು ಯಶವಂತಪುರದ ಮುದ್ರಣಾಲಯವೊಂದಕ್ಕೆ ಕಳುಹಿಸಿದಾಗ, ಅದರಲ್ಲಿನ ‘ಕರ್ತೃ’ ಪದ ಕರಡಚ್ಚಿನಲ್ಲಿ ‘ಕರ್‌ತೃ’ ಎಂದು ಒಡೆದು ಬಂದುದನ್ನು ಕಂಡೆವು. ಇದು ಬೆರಳಚ್ಚಿನ ದೋಷವಲ್ಲ. ಯೂನಿಕೋಡ್‌ನಲ್ಲಿ ಈ ಪದವು ಕಕಾರ, ರಕಾರ, ವಿರಾಮ, ತಕಾರ, ಋಕಾರಚಿಹ್ನೆ ಎಂಬ ಐದು ಸಂಕೇತಗಳ ಸರಣಿ. ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರವನ್ನು ಅರ್ಕಾವತ್ತಾಗಿ ತಕಾರದ ಬಲಕ್ಕೆ ಸರಿಸಬೇಕಾದುದು ತಂತ್ರಾಂಶ. ಅದು ಫಾಂಟಿನ ಓಪನ್‌ಟೈಪ್ ನಿಯಮಗಳನ್ನು ಅನ್ವಯಿಸದಿದ್ದರೆ ಒತ್ತಕ್ಷರಗಳೂ ಚದುರುತ್ತವೆ. ಹಳೆಯ ನುಡಿ ಫಾಂಟ್‌ಗಳ ತೊಡಕು ಬೇರೆ. ಅಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿರುವುದರಿಂದ, ಫಾಂಟ್ ಬದಲಾದೊಡನೆ ಪಠ್ಯವೇ ಅರ್ಥಹೀನವಾಗುತ್ತದೆ.

ಭಾಷಾವಿಜ್ಞಾನಕ್ಕೆ ಇದು ಕೇವಲ ಅಂದದ ಪ್ರಶ್ನೆಯಲ್ಲ. ಅರ್ಕಾವತ್ತನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟು ಬರೆಯುವವರೂ ಇದ್ದಾರೆ. ಅಚ್ಚಿನಲ್ಲಿ ರಕಾರ ಬಿಡಿಯಾಗಿ ಕಂಡರೆ ಅದು ಲೇಖಕರ ಆಯ್ಕೆಯೋ ತಂತ್ರಾಂಶದ ಲೋಪವೋ ಎಂಬುದನ್ನು ಓದುಗರು ನಿರ್ಣಯಿಸಲಾರರು.

ಆದುದರಿಂದ ನಾವು ಅನುಸರಿಸುವ ಕ್ರಮ ಹೀಗಿದೆ. ಮೊದಲು ಯೂನಿಕೋಡ್ ಪಠ್ಯವನ್ನು ಇಂಕ್‌ಸ್ಕೇಪ್‌ನಲ್ಲಿ, ಅಥವಾ ಭಾರತೀಯ ಲಿಪಿಗಳ ಆಯ್ಕೆಯನ್ನು ಸಕ್ರಿಯಗೊಳಿಸಿದ ಇಲ್ಲಸ್ಟ್ರೇಟರ್‌ನಲ್ಲಿ ಜೋಡಿಸಿ, ಪ್ರತಿ ಸಂಯುಕ್ತಾಕ್ಷರವನ್ನೂ ಪರಿಶೀಲಿಸುತ್ತೇವೆ. ಅನಂತರವೇ ಅಕ್ಷರಗಳನ್ನು ಬಾಹ್ಯರೇಖೆಗಳಾಗಿ ಪರಿವರ್ತಿಸುತ್ತೇವೆ. ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಆಕೃತಿ ಕೆಡದು. ಪರಿಶೀಲನೆಗೆ ಮೊದಲೇ ಪರಿವರ್ತಿಸಿದರೆ ದೋಷವೇ ಸ್ಥಿರವಾಗುತ್ತದೆ.

ಬಾಹ್ಯರೇಖೆಯಾದ ಪಠ್ಯವನ್ನು ಹುಡುಕಲಾಗದು, ತಿದ್ದಲಾಗದು. ಹೀಗಾಗಿ ಪಠ್ಯರೂಪದ ಮೂಲಕಡತವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಉದಾಹರಣಾ ವಾಕ್ಯವನ್ನು ಚಿತ್ರಶೀರ್ಷಿಕೆಯಲ್ಲಿಯೂ ಪಠ್ಯವಾಗಿಯೇ ಕೊಡಬೇಕು. ಮುಂದಿನ ಸಂಶೋಧಕರಿಗೆ ದತ್ತಾಂಶವಾಗಿ ಒದಗುವುದು ಆ ಪಠ್ಯವೇ.