ಐವರ ತೀರ್ಪು ಮತ್ತು ಮರುವಿಚಾರಣೆ

1974ನೆಯ ಇಸವಿಯ ಮಾರ್ಚ್ 1ರಂದು, ತಿದ್ದುಪಡಿಗೊಂಡ ಕರ್ನಾಟಕ ಭೂಸುಧಾರಣಾ ಕಾಯಿದೆಯು ಜಾರಿಗೆ ಬಂದಿತು. ಅದಾದ ಒಂದು ತಿಂಗಳಿಗೆ, ಏಪ್ರಿಲ್ 1ರಂದು, ಜೂರಿ ಪದ್ಧತಿಗೆ ಎಡೆಯನ್ನೇ ಕೊಡದ ಹೊಸ ದಂಡಪ್ರಕ್ರಿಯಾ ಸಂಹಿತೆಯು ಆಚರಣೆಗೆ ಬಂದಿತು. ಈ ಎರಡನೆಯ ಕಾನೂನು ನ್ಯಾಯಾಸನದ ಬಳಿಯಿಂದ ಊರಿನ ಸಾಮಾನ್ಯ ಗೃಹಸ್ಥರನ್ನು ಎಬ್ಬಿಸಿ ಕಳುಹಿಸಿದರೆ, ಮೊದಲನೆಯದು ಅಂಥವರನ್ನೇ ಕರೆತಂದು, ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಯೆಂಬ ಹೆಸರಿನಿಂದ ಕೂರಿಸಿತು. ಈ ಎರಡನ್ನೂ ಜೊತೆಗಿಟ್ಟು ನೋಡುವವರು ವಿರಳ. ಆದರೆ ಕಾನೂನು ಓದದವರು ಸಾಕ್ಷ್ಯ ಕೇಳಿ ಕೊಟ್ಟ ನಿರ್ಣಯವನ್ನು ಕಾನೂನು ಬಲ್ಲವರು ಪರಿಶೀಲಿಸುವಾಗ ಎಷ್ಟರಮಟ್ಟಿಗೆ ಕೈಹಾಕಬಹುದು, ತಪ್ಪು ಕಂಡಲ್ಲಿ ತಾವೇ ತಿದ್ದಬೇಕೆ, ಇಲ್ಲವೆ ಮೊದಲಿಂದ ವಿಚಾರಿಸಿರೆಂದು ಹಿಂದಕ್ಕೆ ಕಳುಹಿಸಬೇಕೆ ಎಂಬ ಪ್ರಶ್ನೆಯು ಎರಡಕ್ಕೂ ಸಮಾನವಾದುದು. ಮಲೆನಾಡಿನ ಎಷ್ಟೋ ಒಕ್ಕಲು ಮನೆಗಳ ಅನ್ನವು ಆ ಪ್ರಶ್ನೆಗೆ ದೊರೆತ ಉತ್ತರವನ್ನೇ ಅವಲಂಬಿಸಿದ್ದಿತು.

ಜೂರಿಯ ವಿಷಯದಲ್ಲಿ ಹಳೆಯ ಕಾನೂನು ಬಹು ಸಂಯಮದಿಂದ ವರ್ತಿಸಿತ್ತು. 1898ರ ದಂಡಪ್ರಕ್ರಿಯಾ ಸಂಹಿತೆಯ ಪ್ರಕಾರ ಜೂರಿಯು ನಿರ್ಣಯಿಸಿದ ಮೊಕದ್ದಮೆಯಲ್ಲಿ ಸಾಮಾನ್ಯವಾಗಿ ಕಾನೂನಿನ ಅಂಶದ ಮೇಲೆ ಮಾತ್ರ ಅಪೀಲು ಸಾಧ್ಯವಿದ್ದಿತು. ನ್ಯಾಯಾಧೀಶರು ಜೂರಿಗೆ ಕಾನೂನನ್ನು ತಪ್ಪಾಗಿ ತಿಳಿಹೇಳಿದ್ದರಿಂದಲೋ, ಅವರು ಹೇಳಿದುದನ್ನು ಜೂರಿಯು ತಪ್ಪಾಗಿ ಗ್ರಹಿಸಿದ್ದರಿಂದಲೋ ತೀರ್ಪು ಕೆಟ್ಟಿದೆಯೆಂದು ಕಂಡ ಹೊರತು ಮೇಲಿನ ನ್ಯಾಯಾಲಯವು ಅದನ್ನು ತಿರುವಿಹಾಕುವಂತಿರಲಿಲ್ಲ. ಇದಲ್ಲದೆ ಇನ್ನೊಂದು ಬಾಗಿಲಿದ್ದಿತು: ಜೂರಿಯ ಅಭಿಪ್ರಾಯವನ್ನು ಒಪ್ಪಲಾರದ ಸೆಷನ್ಸ್ ನ್ಯಾಯಾಧೀಶರು, ನ್ಯಾಯದ ದೃಷ್ಟಿಯಿಂದ ಅಗತ್ಯವೆಂದು ಮನಗಂಡರೆ, 307ನೆಯ ಕಲಮಿನ ಮೇರೆಗೆ ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಬಹುದಾಗಿದ್ದಿತು. ನೌಕಾಪಡೆಯ ಕಮಾಂಡರ್ ನಾನಾವತಿಯವರ ಕೊಲೆ ಮೊಕದ್ದಮೆಯು ನಡೆದುದು ಈ ದಾರಿಯಿಂದಲೇ. 1959ರಲ್ಲಿ ಮುಂಬಯಿಯ ಜೂರಿಯು ಎಂಟಕ್ಕೆ ಒಂದರಂತೆ ಅವರನ್ನು ನಿರ್ದೋಷಿಯೆಂದಿತು, ನ್ಯಾಯಾಧೀಶರು ಒಪ್ಪಲಿಲ್ಲ, ಹೈಕೋರ್ಟು ಜೂರಿಗೆ ಕೊಟ್ಟ ನಿರೂಪಣೆಯ ದೋಷಗಳನ್ನು ಗುರುತಿಸಿ, ಸಾಕ್ಷ್ಯವನ್ನು ತಾನೇ ತೂಗಿ ಜೀವಾವಧಿ ಶಿಕ್ಷೆ ವಿಧಿಸಿತು, 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನೇ ಸ್ಥಿರೀಕರಿಸಿತು.

ಅಮೆರಿಕದಲ್ಲಾದರೋ 1791ರಲ್ಲಿ ಸಂವಿಧಾನಕ್ಕೆ ಸೇರಿದ ಏಳನೆಯ ತಿದ್ದುಪಡಿಯು, ಸಿವಿಲ್ ವ್ಯಾಜ್ಯಗಳಲ್ಲಿ ಜೂರಿಯು ನಿರ್ಣಯಿಸಿದ ಸಂಗತಿಗಳನ್ನು ಕಾಮನ್ ಲಾ ನಿಯಮಗಳನ್ನು ಮೀರಿ ಯಾವ ನ್ಯಾಯಾಲಯವೂ ಮರುಪರೀಕ್ಷಿಸಕೂಡದೆಂದು ವಿಧಿಸಿತು. ತೀರ್ಪು ಸಾಕ್ಷ್ಯದ ಭಾರಕ್ಕೆ ತೀರ ವಿರುದ್ಧವಾಗಿದ್ದರೆ ಹೊಸ ವಿಚಾರಣೆಗೆ ಆಜ್ಞಾಪಿಸುವ ಅಧಿಕಾರವು ಅಲ್ಲಿ ಮೊದಲು ಸಲ್ಲುವುದು ವಿಚಾರಣೆ ನಡೆಸಿದ ನ್ಯಾಯಾಧೀಶರಿಗೇ. ಸಾಕ್ಷಿಯ ಮುಖವನ್ನು ಕಂಡು, ಅವನ ದನಿ ಎಲ್ಲಿ ತಡವರಿಸಿತೆಂಬುದನ್ನು ಕೇಳಿದವರು ಅವರಾದುದರಿಂದ, ಬರೆದ ಕಾಗದವನ್ನಷ್ಟೇ ಓದುವ ಮೇಲಿನವರು ಅವರ ವಿವೇಚನೆಯನ್ನು ಸುಲಭವಾಗಿ ಅಲ್ಲಗಳೆಯುವುದಿಲ್ಲ.

ಇನ್ನು ನಮ್ಮ ಮಂಡಳಿಗಳ ಸಂಗತಿ. ಕಂದಾಯ ಉಪವಿಭಾಗದ ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಸರ್ಕಾರವು ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರು. ಸಾಗರ, ಹೊಸನಗರಗಳು ಸಾಗರದ ಉಪವಿಭಾಗಕ್ಕೂ ತೀರ್ಥಹಳ್ಳಿಯು ಶಿವಮೊಗ್ಗದ ಉಪವಿಭಾಗಕ್ಕೂ ಸೇರಿದವುಗಳು. ಕಾಯಿದೆಯು ವಕೀಲರಿಗೆ ಪ್ರವೇಶವನ್ನು ನಿರಾಕರಿಸಿತ್ತು, ಸಿವಿಲ್ ನ್ಯಾಯಾಲಯದ ಬಾಗಿಲನ್ನು ಮುಚ್ಚಿತ್ತು, ಮಂಡಳಿಯ ಆದೇಶವೇ ಅಂತಿಮವೆಂದು ಸಾರಿತ್ತು. ಶಾಸನಕರ್ತರ ಈ ಅವಿಶ್ವಾಸಕ್ಕೆ ಕಾರಣವಿಲ್ಲದಿರಲಿಲ್ಲ. 1951ರಲ್ಲಿ ಸಾಗರದ ಸಮೀಪದ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ದೀವರ ಒಕ್ಕಲುಗಳು ಎದ್ದುನಿಂತಾಗ, ಸಮಾಜವಾದಿಗಳು ಅವರ ಬೆಂಬಲಕ್ಕೆ ಬಂದರು. ರಾಮಮನೋಹರ ಲೋಹಿಯಾ ಅವರು ಸಾಗರಕ್ಕೆ ಬಂದು ದಸ್ತಗಿರಿಯಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಇದೇ ಸೀಮೆಯಿಂದ ವಿಧಾನಸಭೆಗೆ ಆಯ್ಕೆಯಾದರು. ಕೋರ್ಟಿನ ಮೆಟ್ಟಿಲು ಹತ್ತುವ ಸಾಮರ್ಥ್ಯವು ಒಡೆಯರಿಗಿದ್ದಷ್ಟು ಒಕ್ಕಲಿಗೆ ಇರದೆಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿತ್ತು.

ಗೇಣಿ ಜಮೀನಿನ ಹಕ್ಕನ್ನು ಕೋರಿ ಮಂಡಳಿಗೆ ಏಳನೆಯ ನಮೂನೆಯಲ್ಲಿ ಅರ್ಜಿ ಬರೆದುಕೊಟ್ಟವನು ರುಜುವಾತುಪಡಿಸಬೇಕಾದ ಸಂಗತಿಯು ಹೇಳುವುದಕ್ಕೆ ಸರಳ: 1974ರ ಮಾರ್ಚ್ 1ಕ್ಕೆ ಹಿಂದೆ, ಆ ಜಮೀನನ್ನು ತಾನು ಗೇಣಿಗೆ ಸಾಗುವಳಿ ಮಾಡುತ್ತಿದ್ದೆ, ಕೂಲಿಯಾಳಾಗಿ ಅಲ್ಲ. ಆದರೆ ಅಡಿಕೆ ತೋಟದ ನೆರಳಿನಲ್ಲಿ ಈ ಭೇದವು ಎಷ್ಟು ಸೂಕ್ಷ್ಮವಾಗಬಲ್ಲುದೆಂಬುದನ್ನು ಆ ಸೀಮೆಯವರೇ ಬಲ್ಲರು. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಹಾಕಿದವನು, ಕಪ್ಪು ತೆಗೆದವನು, ಕೊನೆ ಇಳಿಸಿದವನು ಒಬ್ಬನೇ. ಗೇಣಿಚೀಟಿ ಇಲ್ಲ, ಕೊಟ್ಟ ಅಡಿಕೆಗೆ ರಶೀದಿ ಇಲ್ಲ. ಪಹಣಿಯ 12ನೆಯ ಅಂಕಣದಲ್ಲಿ, ಸಾಗುವಳಿದಾರನ ಹೆಸರಿರಬೇಕಾದೆಡೆಯಲ್ಲಿ, ‘ಸ್ವಂತ’ ಎಂದು ಶ್ಯಾನುಭೋಗರ ಕಾಲದಿಂದ ಬರೆದುಕೊಂಡು ಬಂದಿದೆ. ಪಹಣಿಯ ನಮೂದನ್ನು, ಅದು ಸುಳ್ಳೆಂದು ರುಜುವಾತಾಗುವ ತನಕ, ಸತ್ಯವೆಂದೇ ಭಾವಿಸಬೇಕೆಂಬುದು 1964ರ ಭೂಕಂದಾಯ ಕಾಯಿದೆಯ ವಿಧಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರನ್ನೇ ಬಿಟ್ಟುಕೊಟ್ಟು ಬೇರೆಡೆ ಬೇರೂರಿದವರ ಪಾಡಂತೂ ಹೇಳತೀರದು, ಅವರ ಪರವಾಗಿ ನುಡಿಯಬಲ್ಲ ನೆರೆಯವರೇ ದಿಕ್ಕುದಿಕ್ಕಿಗೆ ಹೋಗಿದ್ದರು.

ಇಲ್ಲಿಯೇ ಊರಿನ ಸದಸ್ಯನ ಬೆಲೆ. ಆ ತೋಟ ಯಾರ ಕೈಯಲ್ಲಿದ್ದಿತೆಂಬುದು ಅವನಿಗೆ ಗೊತ್ತು. ಇಡೀ ಊರಿಗೆ ಗೊತ್ತು. ಪುರಾತನ ಇಂಗ್ಲೆಂಡಿನಲ್ಲಿ ಜೂರಿಯನ್ನು ಘಟನೆ ನಡೆದ ನೆರೆಹೊರೆಯಿಂದಲೇ ಆರಿಸುತ್ತಿದ್ದುದು ಈ ಅರಿವಿಗಾಗಿಯೇ. ಆದರೆ ಸದಸ್ಯನ ಮನಸ್ಸಿನಲ್ಲಿರುವ ಅರಿವು ಕಡತದಲ್ಲಿಲ್ಲ. ಕಡತದಲ್ಲಿಲ್ಲದುದನ್ನು ಎದುರು ಕಕ್ಷಿಯು ಪ್ರಶ್ನಿಸಲಾರನು, ಹೈಕೋರ್ಟು ಓದಲಾರದು. ಅದೇ ಸದಸ್ಯರು ಉಭಯ ಕಕ್ಷಿಗಳಿಗೂ ತಿಳಿಸಿ ಸ್ಥಳ ತನಿಖೆಗೆ ಹೋಗಿ, ನೆರೆಯವರ ಹೇಳಿಕೆಗಳನ್ನು ಬರೆಯಿಸಿ, ಕಂಡುದನ್ನು ಮಹಜರಿನಲ್ಲಿ ದಾಖಲಿಸಿ, ಇಂಥ ಕಾರಣಕ್ಕಾಗಿ ಪಹಣಿಯ ನಮೂದನ್ನು ನಂಬಲಿಲ್ಲವೆಂದು ಆದೇಶದಲ್ಲಿ ನಾಲ್ಕು ವಾಕ್ಯ ಬರೆದಿದ್ದರೆ, ಬೆಂಗಳೂರಿನ ಯಾವ ನ್ಯಾಯಮೂರ್ತಿಯೂ ಆ ನಿರ್ಣಯವನ್ನು ಸುಲಭವಾಗಿ ಕದಲಿಸಲಾರನು.

ಏಕೆಂದರೆ ಅಪೀಲಿಲ್ಲವೆಂದು ಕಾಯಿದೆಯು ಹೇಳಿದರೂ ಸಂವಿಧಾನದ 226 ಮತ್ತು 227ನೆಯ ಅನುಚ್ಛೇದಗಳನ್ನು ಯಾವ ಶಾಸನವೂ ಮುಚ್ಚಲಾರದು. ಸೋತವರು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋದರು. ಆ ಅಧಿಕಾರದ ಎಲ್ಲೆಯನ್ನು ಸೈಯದ್ ಯಾಕೂಬ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಮೊದಲೇ ಸ್ಪಷ್ಟಪಡಿಸಿದ್ದರು: ಸಾಕ್ಷ್ಯ ಸಾಲದು, ತಾನಾಗಿದ್ದರೆ ಬೇರೆ ರೀತಿ ನಿರ್ಣಯಿಸುತ್ತಿದ್ದೆ ಎಂಬ ಕಾರಣಕ್ಕೆ ಹೈಕೋರ್ಟು ಸಂಗತಿಯ ನಿರ್ಣಯವನ್ನು ಮುಟ್ಟಕೂಡದು, ಯಾವ ಸಾಕ್ಷ್ಯವೂ ಇಲ್ಲದೆ ನಿರ್ಣಯಿಸಿದ್ದರೆ, ಸ್ವೀಕರಿಸಬೇಕಾದ ಸಾಕ್ಷ್ಯವನ್ನು ತಳ್ಳಿಹಾಕಿದ್ದರೆ, ಅದು ಕಾನೂನಿನ ದೋಷವೇ ಸರಿ. ಜೂರಿಯ ಕಾಲದ ಸಂಯಮವೇ ಇಲ್ಲಿ ಬೇರೊಂದು ದಾರಿಯಿಂದ ಮರಳಿ ಬಂದುದನ್ನು ಓದುಗರು ಗಮನಿಸಬಹುದು. ನೋಟೀಸು ತಲುಪದೆ ನಡೆದ ವಿಚಾರಣೆ, ಪಾಟೀಸವಾಲಿಗೆ ಕೊಡದ ಅವಕಾಶ, ಕಾರಣವಿಲ್ಲದೆ ‘ಅರ್ಜಿ ಮಂಜೂರು’ ಎಂದಷ್ಟೇ ಬರೆದ ಆದೇಶ: ಇವುಗಳಿಗೆ ಹೈಕೋರ್ಟು ಸಾಮಾನ್ಯವಾಗಿ ಕೊಟ್ಟ ಪರಿಹಾರವು ಆದೇಶವನ್ನು ರದ್ದುಪಡಿಸಿ ಮರುವಿಚಾರಣೆಗೆಂದು ಮಂಡಳಿಗೇ ಹಿಂದಿರುಗಿಸುವುದು.

ತರುವಾಯದ ತಿರುವುಗಳನ್ನು ಸಂಕ್ಷೇಪವಾಗಿ ಹೇಳುವೆನು. 1986ರ ತಿದ್ದುಪಡಿಯು ಜಿಲ್ಲೆಗಳಲ್ಲಿ ಭೂಸುಧಾರಣಾ ಮೇಲ್ಮನವಿ ಪ್ರಾಧಿಕಾರವನ್ನು ಸ್ಥಾಪಿಸಿತು. ಹೈಕೋರ್ಟಿನಲ್ಲಿದ್ದ ರಿಟ್ ಅರ್ಜಿಗಳು ಅಲ್ಲಿಗೆ ಇಳಿದು ಬಂದವು. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿಷೇಧವನ್ನು ಮಾತ್ರ ತೊಡೆದುಹಾಕಿತು. 1990ರಲ್ಲಿ ಮೇಲ್ಮನವಿ ಪ್ರಾಧಿಕಾರವೇ ರದ್ದಾಗಿ, ಕಕ್ಷಿಗಳು ಪುನಃ ಹೈಕೋರ್ಟಿನತ್ತ ಮುಖಮಾಡಿದರು.

ಹೀಗೆ ಹತ್ತಿ ಇಳಿದ ಕಡತವೊಂದು ಹದಿನೈದು ವರ್ಷಗಳ ಮೇಲೆ ‘ಹೊಸದಾಗಿ ವಿಚಾರಿಸಿ’ ಎಂಬ ಆಜ್ಞೆಯೊಡನೆ ತಾಲ್ಲೂಕಿಗೆ ಮರಳಿದಾಗ, ಆ ಆಜ್ಞೆಯನ್ನು ಉಭಯ ಪಕ್ಷಗಳಿಗೂ ಸಮಾನವಾದ ಅವಕಾಶವೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಒಡೆಯನ ಸಾಕ್ಷ್ಯವು ಕಾಗದದಲ್ಲಿದೆ, ಕಾಗದಕ್ಕೆ ಮುಪ್ಪಿಲ್ಲ. ಒಕ್ಕಲಿನ ಸಾಕ್ಷ್ಯವು ನೆರೆಮನೆಯ ವೃದ್ಧನ ನೆನಪಿನಲ್ಲಿದೆ. ಒಡೆತನದಲ್ಲಿದ್ದವರಲ್ಲಿಯೂ ಒಂದೆರಡು ಎಕರೆಯ ವಿಧವೆಯರು, ದೇವಸ್ಥಾನದ ಬಡ ಅರ್ಚಕರು ಇದ್ದರು; ವಿಳಂಬವು ಅವರನ್ನೂ ಹಣ್ಣು ಮಾಡಿತು. ಆದುದರಿಂದ ಕಡತದಲ್ಲಿ ಉಭಯರ ಸಾಕ್ಷ್ಯವೂ ಪೂರ್ಣವಾಗಿದ್ದು, ಆದೇಶದ ಬರವಣಿಗೆಯಷ್ಟೇ ಬಡವಾಗಿದ್ದಲ್ಲಿ, ಹೈಕೋರ್ಟು ಸಾಕ್ಷ್ಯವನ್ನು ತಾನೇ ಓದಿ ಮುಗಿಸುವುದು ಲೇಸು. ಪಾಟೀಸವಾಲನ್ನೇ ನಿರಾಕರಿಸಿದ್ದಲ್ಲಿ ಮಾತ್ರ ಮರುವಿಚಾರಣೆಗೆ ಬೇರೆ ದಾರಿಯಿಲ್ಲ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 33ನೆಯ ಕಲಮು ಮೃತನಾದ ಸಾಕ್ಷಿಯ ಹಿಂದಿನ ಹೇಳಿಕೆಯನ್ನು ಮುಂದಿನ ವಿಚಾರಣೆಯಲ್ಲಿ ಸ್ವೀಕರಿಸಬಹುದೆನ್ನುತ್ತಿತ್ತು, ಆದರೆ ಅಂದು ಎದುರು ಕಕ್ಷಿಗೆ ಅವನನ್ನು ಪ್ರಶ್ನಿಸುವ ಅವಕಾಶವಿದ್ದಿರಬೇಕೆಂಬ ಷರತ್ತಿನೊಡನೆ. ಮೊದಲ ಮಂಡಳಿಯು ಅವಸರದಲ್ಲಿ ಆ ಅವಕಾಶವನ್ನು ಕೊಡದೆ ಹೋಗಿದ್ದರೆ, ನೆರೆಮನೆಯ ವೃದ್ಧನು ಹೇಳಿದುದು ಎರಡನೆಯ ಮಂಡಳಿಗೆ ಉಪಯೋಗಕ್ಕೆ ಬಾರದು.