ರಸೀದಿಯಲ್ಲಿ ಶೇ 6 ಗ್ರಂಥಾಲಯ ಕರ: ಆ ದುಡ್ಡು ಪುಸ್ತಕವಾಗಿ ತಾಲೂಕಿಗೆ ಬರೋದು ಹೇಗೆ?

ಪುರಸಭೆಯಲ್ಲಿ ಆಸ್ತಿ ತೆರಿಗೆ ಕಟ್ಟಿದವರು ಒಮ್ಮೆ ರಸೀದಿ ತೆಗೆದು ನೋಡಿ. ತೆರಿಗೆ ಮೊತ್ತದ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ ಅಂತೆಲ್ಲ ಇರುತ್ತೆ. ಅದರ ಜೊತೆಗೇ ಗ್ರಂಥಾಲಯ ಕರ ಅಂತ ಒಂದು ಸಾಲು. ದರ, ತೆರಿಗೆಯ ಶೇ 6. ಅಂಗಡಿಗೆ 5,000 ರೂಪಾಯಿ ತೆರಿಗೆ ಬಂದಿದ್ದರೆ ಅದರ ಮೇಲೆ 300 ರೂಪಾಯಿ ಗ್ರಂಥಾಲಯಕ್ಕೆ. ಲೈಬ್ರರಿ ಮೆಟ್ಟಿಲು ಒಮ್ಮೆಯೂ ಹತ್ತದವರೂ ಇದನ್ನು ವರ್ಷಾ ವರ್ಷಾ ಕಟ್ಟುತ್ತಲೇ ಇದ್ದಾರೆ.

ಆದರೆ ಅದೇ ಊರಿನ ಲೈಬ್ರರಿಗೆ ಹೋಗಿ, ಪಿಎಸ್‌ಐ ಪರೀಕ್ಷೆಗೋ ಕೆಪಿಎಸ್‌ಸಿ ಪರೀಕ್ಷೆಗೋ ಓದುವ ಹುಡುಗರು ಹೊಸ ಪುಸ್ತಕ ಕೇಳಿದರೆ ಸಿಗುವ ಉತ್ತರ ‘ಇನ್ನೂ ಬಂದಿಲ್ಲಪ್ಪ’. ಯಾವಾಗ ಬರುತ್ತೆ ಅಂದರೆ ಕೌಂಟರ್‌ನಲ್ಲಿ ಕುಳಿತವರಿಗೂ ಗೊತ್ತಿರಲ್ಲ. ಸಿಟ್ಟೆಲ್ಲ ಅವರ ಮೇಲೆ ತೀರುತ್ತೆ. ಅಸಲಿಗೆ ಯಾವ ಪುಸ್ತಕ ಕೊಳ್ಳಬೇಕು, ಎಷ್ಟು ಪ್ರತಿ ಕೊಳ್ಳಬೇಕು ಅನ್ನೋದು ಅವರ ಕೈಯಲ್ಲಿ ಇಲ್ಲ. ಅದು ತೀರ್ಮಾನ ಆಗೋದು ಜಿಲ್ಲಾ ಕೇಂದ್ರದಲ್ಲಿ, ಅದಕ್ಕಿಂತ ಹೆಚ್ಚಾಗಿ ಬೆಂಗಳೂರಿನಲ್ಲಿ.

ದುಡ್ಡಿನ ದಾರಿ

ಇದಕ್ಕೆಲ್ಲ ಮೂಲ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ವಸೂಲು ಮಾಡಬೇಕು, ವಸೂಲಾದದ್ದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ದೊಡ್ಡ ನಗರಗಳಿಗೆ ನಗರ ಗ್ರಂಥಾಲಯ ಪ್ರಾಧಿಕಾರ, ಉಳಿದ ಕಡೆಗೆ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ ಇದೆ.

ಇಲ್ಲೇ ಮೊದಲ ಗಂಟು. ವಸೂಲು ಮಾಡುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು. ಬೆಂಗಳೂರಿನ ಪಾಲಿಕೆಯೇ ಗ್ರಂಥಾಲಯ ಕರವನ್ನು ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಜನ ಕಟ್ಟಿದ್ದು ಜನರಿಂದ ಬಂದಿದೆ, ಲೈಬ್ರರಿಗೆ ಮಾತ್ರ ಮುಟ್ಟಿಲ್ಲ. ಹೀಗೆ ದುಡ್ಡು ತಡವಾದಾಗ ಕಟ್ಟಡದ ಬಾಡಿಗೆ, ಕರೆಂಟ್ ಬಿಲ್, ದಿನಪತ್ರಿಕೆ ಬಿಲ್ ನಿಲ್ಲಿಸೋಕೆ ಆಗಲ್ಲ. ಮುಂದಕ್ಕೆ ಹಾಕೋಕೆ ಸುಲಭವಾದ ಖರ್ಚು ಅಂದರೆ ಪುಸ್ತಕದ್ದೇ. ಹೊಸ ಪುಸ್ತಕ ಬಂದಿಲ್ಲ ಅಂತ ಯಾರೂ ಲೈಬ್ರರಿ ಮುಂದೆ ಧರಣಿ ಕೂರಲ್ಲವಲ್ಲ.

ಕರದ ದುಡ್ಡಲ್ಲದೆ ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದಲೂ ನೆರವು ಬರುತ್ತೆ. ಇದು ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿ 1972ರಲ್ಲಿ ಶುರುವಾದ ಸಂಸ್ಥೆ. ರಾಜ್ಯ ತನ್ನ ಪಾಲು ಹಾಕಿದರೆ ಅದಕ್ಕೆ ಜೊತೆಯಾಗಿ ಪ್ರತಿಷ್ಠಾನ ತನ್ನ ಪಾಲು ಹಾಕುವ ಯೋಜನೆಯೂ ಇದರಲ್ಲಿದೆ. ಪುಸ್ತಕದ ಒಳಪುಟದಲ್ಲಿ ಪ್ರತಿಷ್ಠಾನದ ಮುದ್ರೆ ಕಂಡರೆ ಅದು ಈ ದಾರಿಯಲ್ಲಿ ಬಂದದ್ದು.

ಸಗಟು ಖರೀದಿ ಅಂದರೆ ಏನು?

ಕನ್ನಡ ಪ್ರಕಾಶಕರ ಬಾಯಲ್ಲಿ ವರ್ಷವಿಡೀ ಓಡಾಡುವ ಪದ ಇದು. ಆಯಾ ವರ್ಷ ಮೊದಲ ಸಲ ಅಚ್ಚಾದ ಪುಸ್ತಕಗಳಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆ ಅರ್ಜಿ ಕರೆಯುತ್ತೆ. ಪ್ರಕಾಶಕರು, ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿದ ಲೇಖಕರು, ಅರ್ಜಿ ಜೊತೆ ಪುಸ್ತಕ ಕಳಿಸುತ್ತಾರೆ. ಸರ್ಕಾರ ನೇಮಿಸಿದ ಆಯ್ಕೆ ಸಮಿತಿ ಅದನ್ನೆಲ್ಲ ನೋಡಿ ಪಟ್ಟಿ ಮಾಡುತ್ತೆ. ಪಟ್ಟಿಗೆ ಬಿದ್ದ ಪುಸ್ತಕವನ್ನು ಇಲಾಖೆ ಹೆಚ್ಚೆಂದರೆ 300 ಪ್ರತಿ ಕೊಳ್ಳುತ್ತೆ ಅನ್ನೋದು ವರ್ಷಗಳಿಂದ ನಡೆದುಬಂದ ಲೆಕ್ಕ. ದುಡ್ಡು ಕಡಿಮೆ ಇದ್ದಾಗ ಪ್ರತಿಗಳೂ ಕಡಿಮೆ.

ಈ 300 ಅನ್ನೋ ಸಂಖ್ಯೆ ಮೇಲೆ ಸ್ವಲ್ಪ ನಿಲ್ಲಬೇಕು. ರಾಜ್ಯದಲ್ಲಿ 31 ಜಿಲ್ಲೆ. ಸಮನಾಗಿ ಹಂಚಿದರೂ ಒಂದು ಜಿಲ್ಲೆಗೆ 10 ಪ್ರತಿ ಪೂರ್ತಿ ಬರೋದಿಲ್ಲ. ಅದರಲ್ಲಿ ಜಿಲ್ಲಾ ಕೇಂದ್ರಕ್ಕೆ, ನಗರದ ಶಾಖೆಗಳಿಗೆ ಹೋಗಿ ಉಳಿದದ್ದು ತಾಲೂಕಿಗೆ. ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ಎಲ್ಲರೂ ಮಾತಾಡುವ ಕಾದಂಬರಿ ಸಣ್ಣ ಊರಿನ ಕಪಾಟಿನಲ್ಲಿ ಇಲ್ಲದಿರೋಕೆ ಯಾರ ಪಿತೂರಿಯೂ ಬೇಕಾಗಿಲ್ಲ, ಈ ಭಾಗಾಕಾರವೇ ಸಾಕು.

ಅದೇ 300 ಪ್ರಕಾಶಕರ ಕಡೆಯಿಂದ ನೋಡಿದರೆ ತುಂಬಾ ದೊಡ್ಡ ಸಂಖ್ಯೆ. ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಒಂದು ಸಾವಿರ ಪ್ರತಿ ದಾಟೋದಿಲ್ಲ. ಅಂಥದ್ದರಲ್ಲಿ 300 ಪ್ರತಿ ಒಂದೇ ಗಿರಾಕಿಗೆ ಹೋಯಿತು ಅಂದರೆ ಅಚ್ಚಿನ ಖರ್ಚಿನ ದೊಡ್ಡ ಪಾಲು ವಾಪಸ್ ಬಂದ ಹಾಗೆ. ದಿನಸಿ ಅಂಗಡಿಯವರಿಗೆ ಹಾಸ್ಟೆಲ್ ಆರ್ಡರ್ ಸಿಕ್ಕಿದಂತೆ ಅಂದುಕೊಳ್ಳಿ. ಗಿರಾಕಿ ಒಬ್ಬನೇ, ಮಾಲು ಹೆಚ್ಚು, ಚೌಕಾಸಿಗೆ ಜಾಗ ಇಲ್ಲ, ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ.

ಬೆಲೆ ವಿಷಯದಲ್ಲೂ ಹಾಗೇ. ಪುಸ್ತಕದ ಹಿಂದೆ ಏನೇ ಬೆಲೆ ಅಚ್ಚಾಗಿರಲಿ, ಸಗಟು ಖರೀದಿಯಲ್ಲಿ ಇಲಾಖೆ ಕೊಡೋದು ಪುಟದ ಲೆಕ್ಕದಲ್ಲಿ. ಪುಸ್ತಕದ ಅಳತೆಗೆ ತಕ್ಕಂತೆ ಪುಟಕ್ಕೆ ಇಷ್ಟು ಅಂತ ಸರ್ಕಾರ ದರ ನಿಗದಿ ಮಾಡಿರುತ್ತೆ. ಲೆಕ್ಕ ಸುಲಭವಾಗಲಿ ಅಂತ ಪುಟಕ್ಕೆ 1 ರೂಪಾಯಿ ಇಟ್ಟುಕೊಂಡರೆ, 200 ಪುಟದ ಪುಸ್ತಕಕ್ಕೆ 200 ರೂಪಾಯಿ, 300 ಪ್ರತಿಗೆ 60,000 ರೂಪಾಯಿ. ಕಾಗದದ ರೇಟು ಏರಿದಾಗಲೆಲ್ಲ ಪುಟದ ದರವನ್ನೂ ಏರಿಸಿ ಅಂತ ಪ್ರಕಾಶಕರು ಮನವಿ ಹಿಡಿದು ಓಡಾಡೋದು ಇದಕ್ಕೇ. ಇನ್ನೊಂದು ಪೇಚು ಅಂಗಡಿಯವರಿಗೆ ಬೇಗ ಅರ್ಥವಾಗುತ್ತೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ, ಮುದ್ರಣಕ್ಕೆ ಇದೆ. ಮಾರುವ ಮಾಲಿಗೇ ತೆರಿಗೆ ಇಲ್ಲ ಅಂದಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ಪಡೆಯೋಕೂ ಆಗಲ್ಲ.

ಪುಟದ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ದಪ್ಪ ಇದ್ದಷ್ಟೂ ದುಡ್ಡು ಹೆಚ್ಚು. ಓದುಗರ ಕಣ್ಣಿಗೇ ಬೀಳದೆ, ಸಗಟು ಖರೀದಿಗೆ ಅಂತಲೇ ಅಚ್ಚಾಗುವ ಪುಸ್ತಕಗಳಿವೆ ಅನ್ನೋ ದೂರು ಸಾಹಿತ್ಯ ವಲಯದಲ್ಲೇ ಹಳೆಯದು. ಇದರಲ್ಲಿ ಸತ್ಯ ಇದೆ ಅಂತ ಕಪಾಟು ನೋಡಿದವರಿಗೆಲ್ಲ ಅನಿಸುತ್ತೆ. ಹಾಗಂತ ಯೋಜನೆಯನ್ನೇ ಬೈಯೋದು ಸರಿಯಲ್ಲ. ಸಣ್ಣ ಊರಿನ ಪ್ರಕಾಶಕರು ಒಂದು ಕವನ ಸಂಕಲನ, ಒಂದು ಸ್ಥಳೀಯ ಇತಿಹಾಸದ ಪುಸ್ತಕ ಅಚ್ಚು ಹಾಕಿಸುವ ಧೈರ್ಯ ಮಾಡೋದು ಈ ಯೋಜನೆ ಇರೋದರಿಂದಲೇ.

ಆರ್ಡರ್ ಆದ ಮೇಲೆ

ಆಯ್ಕೆ ಪಟ್ಟಿ ಪ್ರಕಟವಾದ ಮೇಲೆ ಪ್ರಕಾಶಕರಿಗೆ ಸರಬರಾಜು ಆದೇಶ ಬರುತ್ತೆ. ಎಲ್ಲಿಗೆ ಎಷ್ಟು ಪ್ರತಿ ಅಂತ ಅದರಲ್ಲೇ ಇರುತ್ತೆ. ಪುಸ್ತಕ ಬಂದಮೇಲೆ ಗ್ರಂಥಾಲಯದವರ ಕೆಲಸ ಶುರು. ಆದೇಶದಲ್ಲಿ ಇದ್ದದ್ದೇ ಬಂದಿದೆಯಾ, ಅದೇ ಆವೃತ್ತಿಯಾ, ಪುಟ ಹರಿದಿದೆಯಾ, ನಡುವಿನ ಪುಟಗಳು ಖಾಲಿ ಇವೆಯಾ ಅಂತ ನೋಡಬೇಕು. ಐಎಸ್‌ಬಿಎನ್ ಅನ್ನೋ 13 ಅಂಕಿಯ ನಂಬರ್ ತಾಳೆ ನೋಡಿದರೆ ಪುಸ್ತಕ ಅದೇ ಹೌದೋ ಅಲ್ಲವೋ ತಕ್ಷಣ ಗೊತ್ತಾಗುತ್ತೆ.

ಆಮೇಲೆ ಅಕ್ಸೆಷನ್ ರಿಜಿಸ್ಟರ್. ಇದು ಗ್ರಂಥಾಲಯದ ಸ್ಟಾಕ್ ಬುಕ್. ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ನಂಬರ್. ಒಂದೇ ಪುಸ್ತಕದ ಐದು ಪ್ರತಿ ಬಂದರೆ ಐದು ನಂಬರ್. ಲೇಖಕರು, ಪ್ರಕಾಶಕರು, ಬೆಲೆ, ಬಿಲ್ ನಂಬರ್, ತಾರೀಖು, ಎಲ್ಲವೂ ಒಂದೇ ಸಾಲಿನಲ್ಲಿ. ಬಿಲ್ಲಿನ ಹಿಂದೆ ಈ ನಂಬರುಗಳನ್ನು ಬರೆದು, ಸ್ಟಾಕಿಗೆ ತೆಗೆದುಕೊಂಡಿದ್ದೇವೆ ಅಂತ ಸಹಿ ಹಾಕಿದ ಮೇಲಷ್ಟೇ ಬಿಲ್ ಮುಂದಕ್ಕೆ ಹೋಗೋದು. ಆಡಿಟ್‌ನವರು ಬಂದು ಮೊದಲು ಕೇಳೋದೂ ಇದೇ ರಿಜಿಸ್ಟರ್. ಒಂದು ಪುಸ್ತಕ ಕಳೆದರೆ ಸಿಬ್ಬಂದಿ ಅಷ್ಟು ಗಾಬರಿಯಾಗೋದು ಯಾಕೆ ಅಂದರೆ ಅದರ ನಂಬರ್ ಅಲ್ಲಿ ಕೂತಿರುತ್ತೆ.

ನಂತರ ಮುದ್ರೆ ಒತ್ತಿ, ವಿಷಯದ ನಂಬರ್ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸೋದು. ಕನ್ನಡ ಸಾಹಿತ್ಯದ ಪುಸ್ತಕಗಳ ಮೇಲೆ 894.814 ಅಂತ ಕಾಣುತ್ತಲ್ಲ, ಅದು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ಇರುವ ನಂಬರ್. ಇದು ನೋಡೋಕೆ ಸಣ್ಣ ಕೆಲಸ. ಆದರೆ ಸಿಬ್ಬಂದಿ ಕಡಿಮೆ ಇರುವ ಕಡೆ ಬಂದ ಪುಸ್ತಕ ಕಪಾಟಿಗೆ ಏರದೆ ಕಟ್ಟಿನಲ್ಲೇ ಕೊಳೆಯೋದು ಈ ಹಂತದಲ್ಲೇ.

ಹಣ ಪಾವತಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪುಸ್ತಕ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು ಅಂತ ಪ್ರಕಾಶಕರು ವರ್ಷಗಳಿಂದ ಹೇಳುತ್ತಿದ್ದಾರೆ. ಅಚ್ಚಿನವರಿಗೆ, ಕಾಗದದವರಿಗೆ ಉದ್ರಿ ಹೇಳಿ ಪುಸ್ತಕ ಮಾಡಿದವರಿಗೆ ಇದು ಬಡ್ಡಿಯ ಮಾತು. ದೊಡ್ಡ ಪ್ರಕಾಶಕರು ತಡೆದುಕೊಳ್ಳುತ್ತಾರೆ, ಒಂದೆರಡು ಪುಸ್ತಕ ಮಾಡಿದವರು ಮೂರನೆಯದಕ್ಕೆ ಕೈ ಹಾಕಲ್ಲ.

ಪರೀಕ್ಷೆ ಪುಸ್ತಕಕ್ಕೆ ಯಾಕೆ ಇಷ್ಟು ತಡ?

ಈಗ ಪಿಎಸ್‌ಐ ಹುಡುಗನ ಪ್ರಶ್ನೆಗೆ ಬರಬಹುದು. ಸಗಟು ಖರೀದಿ ನಡೆಯೋದು ಅಚ್ಚಾದ ವರ್ಷ ಮುಗಿದ ಮೇಲೆ. ಅರ್ಜಿ, ಸಮಿತಿ, ಪಟ್ಟಿ, ಆಕ್ಷೇಪಣೆ, ಆದೇಶ, ಸರಬರಾಜು ಅಂತ ಎಲ್ಲ ಮುಗಿಯುವಷ್ಟರಲ್ಲಿ ಇನ್ನೊಂದು ವರ್ಷ, ಕೆಲವು ಸಲ ಅದಕ್ಕಿಂತ ಹೆಚ್ಚು. ಕಾದಂಬರಿಗೆ ಇದರಿಂದ ಏನೂ ಆಗಲ್ಲ, ಎರಡು ವರ್ಷದ ನಂತರವೂ ಅದು ಅದೇ ಕಾದಂಬರಿ. ಪ್ರಚಲಿತ ವಿದ್ಯಮಾನದ ಪುಸ್ತಕ ಎರಡು ವರ್ಷ ತಡವಾಗಿ ಬಂದರೆ ಅದು ರದ್ದಿ.

ಆದ್ದರಿಂದ ಪರೀಕ್ಷೆ ಪುಸ್ತಕಗಳಿಗೆ ಈ ದಾರಿ ನಂಬಿ ಕೂರೋದು ದಂಡ. ಅವು ಬರಬೇಕಾದದ್ದು ಜಿಲ್ಲಾ ಮಟ್ಟದ ಖರೀದಿಯಿಂದ. ಜಿಲ್ಲಾ ಕೇಂದ್ರ ಗ್ರಂಥಾಲಯ ತನ್ನ ಪ್ರಾಧಿಕಾರದ ಅನುದಾನದಲ್ಲಿ ಓದುಗರ ಬೇಡಿಕೆ ನೋಡಿ ಕೊಳ್ಳಬಹುದು. ಬೇಡಿಕೆ ಅನ್ನೋದು ಕಾಗದದ ಮೇಲೆ ಇರಬೇಕು, ಅಷ್ಟೇ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಕೇಳಿದ್ದು ಜಿಲ್ಲೆಗೆ ಮುಟ್ಟಲ್ಲ.

ಹಳ್ಳಿಗಳ ಕಥೆ ಬೇರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು. ಈಗ ಅವಕ್ಕೆ ಅರಿವು ಕೇಂದ್ರ ಅನ್ನೋ ಹೆಸರು. ಅಲ್ಲಿ ಪುಸ್ತಕ ಬೇಕು ಅಂದರೆ ತಾಲೂಕು ಲೈಬ್ರರಿಯವರನ್ನು ಕೇಳಿ ಪ್ರಯೋಜನ ಇಲ್ಲ, ಪಿಡಿಒ ಹತ್ತಿರ ಹೋಗಬೇಕು. ಗ್ರಾಮಸಭೆಯಲ್ಲಿ ಕೇಳಿ ನಡಾವಳಿಯಲ್ಲಿ ಬರೆಸಿದರೆ ಇನ್ನೂ ಗಟ್ಟಿ.

ಓದುಗರು ಏನು ಮಾಡಬಹುದು

ಪಟ್ಟಣದ ಲೈಬ್ರರಿಯಲ್ಲಿ ಸಲಹಾ ಪುಸ್ತಕ ಇದ್ದರೆ ಕೇಳಿ ಪಡೆಯಿರಿ, ಇಲ್ಲದಿದ್ದರೆ ಬಿಳಿ ಹಾಳೆ ಸಾಕು. ‘ಒಳ್ಳೆ ಪುಸ್ತಕ ತರಿಸಿ’ ಅಂತ ಬರೆದರೆ ಯಾರೂ ಏನೂ ಮಾಡೋಕೆ ಆಗಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಆವೃತ್ತಿಯ ವರ್ಷ, ಬೆಲೆ, ಆದರೆ ಐಎಸ್‌ಬಿಎನ್, ಇಷ್ಟು ಇದ್ದರೆ ಅದನ್ನು ನೇರವಾಗಿ ಖರೀದಿ ಪಟ್ಟಿಗೆ ಇಳಿಸಬಹುದು. ಹತ್ತು ಜನ ಓದುಗರು ಸಹಿ ಹಾಕಿ, ಒಂದು ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಅಧಿಕಾರಿಗೆ ಕೊಟ್ಟು, ಇನ್ನೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮನೆಯಲ್ಲಿರುವ ಹಳೆ ಪುಸ್ತಕ ಲೈಬ್ರರಿಗೆ ದಾನ ಕೊಡುವವರು ಮೊದಲು ವಿಚಾರಿಸಿ ಕೊಡಿ. ದಾನದ ಪುಸ್ತಕಕ್ಕೂ ನಂಬರ್, ಜಾಗ, ಲೆಕ್ಕ ಎಲ್ಲ ಬೇಕು. ಬದಲಾದ ಸಿಲೆಬಸ್‌ನ ಪಠ್ಯಪುಸ್ತಕಗಳ ಮೂಟೆ ಯಾರಿಗೂ ಉಪಕಾರ ಅಲ್ಲ.

ಕರ ಕಟ್ಟುವ ಅಂಗಡಿಯವರು, ಮನೆಯವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹೋದ ವರ್ಷ ಪುರಸಭೆ ಗ್ರಂಥಾಲಯ ಕರ ಎಷ್ಟು ವಸೂಲು ಮಾಡಿತು, ಅದರಲ್ಲಿ ಗ್ರಂಥಾಲಯ ಪ್ರಾಧಿಕಾರಕ್ಕೆ ಎಷ್ಟು ಕಟ್ಟಿತು, ಬಾಕಿ ಎಷ್ಟು? ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಹಾಕಬೇಕಾದದ್ದು ಲೈಬ್ರರಿಗೆ ಅಲ್ಲ, ಪುರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ, ಯಾವ ಆರ್ಥಿಕ ವರ್ಷದ ಲೆಕ್ಕ ಬೇಕು ಅಂತ ಸ್ಪಷ್ಟವಾಗಿ ಬರೆದಿರಲಿ.